ಮೂರು ಸಲ ತುಂಬಿದ ಚೌಕ

1982ರ ಮಾರ್ಚ್ 30, ಮಂಗಳವಾರ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಕಾರ್ಮಿಕರು ‘ಶಾಂತಿ, ರೊಟ್ಟಿ, ಕೆಲಸ’ ಎಂದು ಕೂಗುತ್ತ ಪ್ಲಾಜಾ ದೆ ಮಾಯೊ ಚೌಕದ ಕಡೆಗೆ ಹೊರಟರು. ಚೌಕದ ಒಂದು ಬದಿಗೆ ಗುಲಾಬಿ ಬಣ್ಣದ ಅಧ್ಯಕ್ಷರ ಭವನವಿದೆ. ಆರು ವರ್ಷಗಳಿಂದ ಅಲ್ಲಿ ಸೈನ್ಯದ ದರ್ಬಾರು. ಬೆಲೆಯೇರಿಕೆ ವರ್ಷಕ್ಕೆ ಶೇ. 100 ದಾಟಿತ್ತು, ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದವು. ಮುಷ್ಕರ ಹೂಡುವುದೇ ಅಪರಾಧವಾಗಿದ್ದ ದೇಶದಲ್ಲಿ ಸಾವಿರಾರು ಜನ ಬೀದಿಗಿಳಿದದ್ದು ಸಣ್ಣ ಮಾತಲ್ಲ. 1976ರಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ನಡೆದ ಅತಿ ದೊಡ್ಡ ಪ್ರತಿಭಟನೆ ಅದು. ಪೊಲೀಸರು ದಾರಿ ಅಡ್ಡಗಟ್ಟಿ ಅಶ್ರುವಾಯು ಸಿಡಿಸಿದರು, ಲಾಠಿ ಬೀಸಿದರು, ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ಒಯ್ದರು. ಮೆರವಣಿಗೆಯ ಮುಂದಾಳು, ಕಾರ್ಮಿಕ ನಾಯಕ ಸೌಲ್ ಉಬಾಲ್ದಿನಿಯೂ ಸೆರೆಯಾದರು.

ಮೂರೇ ದಿನ ಕಳೆದು, ಏಪ್ರಿಲ್ 2ರ ಶುಕ್ರವಾರ, ಅದೇ ಚೌಕ ತುಂಬಿತು. ಈ ಸಲ ಯಾರೂ ಲಾಠಿ ಎತ್ತಲಿಲ್ಲ. ಜನರ ಕೈಯಲ್ಲಿ ನೀಲಿ ಬಿಳಿ ಬಾವುಟಗಳಿದ್ದವು. ಆ ಬೆಳಗ್ಗೆ ಅರ್ಜೆಂಟೀನಾದ ಪಡೆಗಳು ಮಾಲ್ವಿನಾಸ್ ದ್ವೀಪಗಳಲ್ಲಿ ಇಳಿದಿದ್ದವು. ಇಂಗ್ಲಿಷರ ಬಾಯಲ್ಲಿ ಫಾಕ್‌ಲ್ಯಾಂಡ್ ಆಗಿರುವ ಈ ದ್ವೀಪಗಳು 1833ರಿಂದ ಬ್ರಿಟನ್ನಿನ ಹಿಡಿತದಲ್ಲಿದ್ದವು. ಜನಸಂಖ್ಯೆ ಸುಮಾರು 1,800, ಅವರಿಗಿಂತ ಕುರಿಗಳೇ ಎಷ್ಟೋ ಪಾಲು ಹೆಚ್ಚು. ಆದರೂ ಅವು ತಮ್ಮವೆಂದು ಅರ್ಜೆಂಟೀನಾದ ಪ್ರತಿ ಮಗುವೂ ಶಾಲೆಯಲ್ಲಿ ಕಲಿತಿರುತ್ತದೆ. ಅಧ್ಯಕ್ಷ ಜನರಲ್ ಲಿಯೊಪೋಲ್ಡೊ ಗಾಲ್ತಿಯೇರಿ ಭವನದ ಮೊಗಸಾಲೆಗೆ ಬಂದು ಕೈ ಬೀಸಿದಾಗ ಕೆಳಗಿನಿಂದ ಜಯಕಾರ ಕೇಳಿಬಂತು. ಒಂದೇ ವಾರದೊಳಗೆ, ದ್ವೀಪದ ಹೊಸ ಮಿಲಿಟರಿ ಗವರ್ನರ್‌ನ ಪ್ರಮಾಣವಚನಕ್ಕೆ ಹೊರಟ ವಿಮಾನದಲ್ಲಿ ದೇಶದ ರಾಜಕಾರಣಿಗಳ ಜೊತೆ ಉಬಾಲ್ದಿನಿಯೂ ಕುಳಿತಿದ್ದರು.

ಇಷ್ಟು ಕೇಳಿದವರು ತಟ್ಟನೆ ಒಂದು ತೀರ್ಮಾನಕ್ಕೆ ಬರುತ್ತಾರೆ: ಜನರ ಸಿಟ್ಟು ತಿರುಗಿಸಲು ಜನರಲ್ ಯುದ್ಧ ಹೂಡಿದ. ಕುರ್ಚಿ ಅಲುಗಿದಾಗ ನಾಯಕರು ಗಡಿಯತ್ತ ಕೈ ತೋರಿಸುತ್ತಾರೆಂಬ ವಾದಕ್ಕೆ ಜಗತ್ತಿನ ಪಠ್ಯಪುಸ್ತಕಗಳೆಲ್ಲ ಕೊಡುವ ಉದಾಹರಣೆಯೂ ಇದೇ. ಆದರೆ ದಿನಾಂಕಗಳನ್ನು ಹತ್ತಿರದಿಂದ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಅಂದುಕೊಂಡಿದ್ದಕ್ಕಿಂತ ಬೇಗನೆ ದಾಳಿ ಮಾಡಲು ಸೇನಾಮಂಡಳಿ ತೀರ್ಮಾನಿಸಿದ್ದು ಮಾರ್ಚ್ 26ರಂದು. ಹಡಗುಗಳು ಬಂದರು ಬಿಟ್ಟದ್ದು ಮಾರ್ಚ್ 28ರಂದು. ಕಾರ್ಮಿಕರು ಚೌಕಕ್ಕೆ ಹೊರಟಾಗ ಯುದ್ಧ ಆಗಲೇ ಸಮುದ್ರದ ಮೇಲಿತ್ತು.

ಯೋಜನೆಗೆ ಇನ್ನೂ ಹಳೆಯ ಬೇರುಗಳಿದ್ದವು. 1981ರ ಡಿಸೆಂಬರಿನಲ್ಲಿ ಹಿಂದಿನ ಅಧ್ಯಕ್ಷ ಜನರಲ್ ವಿಯೋಲಾನನ್ನು ತಳ್ಳಿ ಗದ್ದುಗೆ ಹಿಡಿಯಲು ಗಾಲ್ತಿಯೇರಿಗೆ ನೌಕಾಪಡೆಯ ಬೆಂಬಲ ಬೇಕಿತ್ತು. ಅದರ ಮುಖ್ಯಸ್ಥ ಅಡ್ಮಿರಲ್ ಹೋರ್ಹೆ ಅನಾಯಾಗೆ ಮಾಲ್ವಿನಾಸ್ ಬಹುಕಾಲದ ಹಂಬಲ. ಇಬ್ಬರ ಲೆಕ್ಕ ಕೂಡಿಬಂತು. ಹೊಸ ವರ್ಷದ ಹೊತ್ತಿಗೆ ಗುಟ್ಟಾಗಿ ಯೋಜನೆ ಶುರುವಾಯಿತು. ವರ್ಷದ ದ್ವಿತೀಯಾರ್ಧದಲ್ಲಿ, ದಕ್ಷಿಣ ಅಟ್ಲಾಂಟಿಕ್‌ನ ಚಳಿಗಾಲ ಕಳೆಯುವ ಹೊತ್ತಿಗೆ ದಾಳಿ ಎಂಬ ಅಂದಾಜಿತ್ತು. ಮಾರ್ಚ್‌ನಲ್ಲಿ ಬ್ರಿಟನ್ ವಶದಲ್ಲಿದ್ದ ಸೌತ್ ಜಾರ್ಜಿಯಾ ದ್ವೀಪಕ್ಕೆ ಗುಜರಿ ಕಬ್ಬಿಣ ಬಿಚ್ಚಲು ಹೋದ ಅರ್ಜೆಂಟೀನಾದ ಕೆಲಸಗಾರರು ತಮ್ಮ ದೇಶದ ಬಾವುಟ ಏರಿಸಿದ್ದರಿಂದ ಜಗಳ ಹೊತ್ತಿಕೊಂಡಿತು. ಬ್ರಿಟನ್ ಎಚ್ಚೆತ್ತು ಪಡೆ ಕಳಿಸುವ ಮೊದಲೇ ನುಗ್ಗಬೇಕೆಂದು ಜನರಲ್‌ಗಳು ಅವಸರ ಮಾಡಿದರು.

ಆ ಅವಸರದ ಒಳಗೆ ಇದ್ದ ಲೆಕ್ಕಾಚಾರ ಹೀಗಿತ್ತು: ದ್ವೀಪ ಹಿಡಿಯುವುದು, ರಕ್ತ ಹರಿಸದೆ ಬ್ರಿಟಿಷ್ ಗವರ್ನರ್‌ನನ್ನು ಸಾಗಹಾಕುವುದು, ಸಣ್ಣ ಕಾವಲು ಪಡೆ ಬಿಟ್ಟು ಉಳಿದವರನ್ನು ಹಿಂದಕ್ಕೆ ಕರೆಸಿ ವಿಶ್ವಸಂಸ್ಥೆಯಲ್ಲಿ ಮಾತುಕತೆಗೆ ಕೂರುವುದು. ಹದಿಮೂರು ಸಾವಿರ ಕಿಲೋಮೀಟರ್ ದೂರದಿಂದ ಬ್ರಿಟನ್ ಯುದ್ಧಕ್ಕೆ ಬರುವುದಿಲ್ಲ, ಅಮೆರಿಕ ಅಡ್ಡ ಬರುವುದಿಲ್ಲ ಎಂದು ಅವರು ನಂಬಿದ್ದರು. ಎರಡೂ ಸುಳ್ಳಾದವು. ಏಪ್ರಿಲ್ 1ರ ರಾತ್ರಿ ಅಮೆರಿಕದ ಅಧ್ಯಕ್ಷ ರೇಗನ್ ದೂರವಾಣಿ ಕರೆ ಮಾಡಿದಾಗ ಗಾಲ್ತಿಯೇರಿ ಗಂಟೆಗಟ್ಟಲೆ ಸಿಗಲಿಲ್ಲ. ಕೊನೆಗೆ ಸಿಕ್ಕಾಗ ಬ್ರಿಟನ್ ಖಂಡಿತ ಹೋರಾಡುತ್ತದೆಂದು ರೇಗನ್ ಎಚ್ಚರಿಸಿದರು. ಅಷ್ಟರಲ್ಲಿ ಹಡಗುಗಳು ತೀರದ ಬಳಿ ಇದ್ದವು.

ಯೋಜನೆಯನ್ನು ಬುಡಮೇಲು ಮಾಡಿದ್ದು ಚೌಕದಲ್ಲಿ ಸೇರಿದ ಜನ. ಜಯಕಾರ ಕೇಳಿದ ಮೇಲೆ ಪಡೆಗಳನ್ನು ಹಿಂದಕ್ಕೆ ಕರೆಸುವ ಮಾತೇ ಉಳಿಯಲಿಲ್ಲ. ಮಾತುಕತೆಗಾಗಿ ಹಿಡಿದ ನೆಲ ಬಿಡಲಾಗದ ನೆಲವಾಯಿತು. ಏಪ್ರಿಲ್ 10ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್ ಸಂಧಾನಕ್ಕೆ ಬಂದಾಗ ಚೌಕದಲ್ಲಿ ಮೊದಲಿಗಿಂತ ದೊಡ್ಡ ಜನಸ್ತೋಮ. ಅದರ ಮುಂದೆ ನಿಂತು ಗಾಲ್ತಿಯೇರಿ, ಬರುವುದಾದರೆ ಬರಲಿ, ಯುದ್ಧ ಕೊಡುತ್ತೇವೆ ಎಂದು ಸವಾಲೆಸೆದ. ಒಳಗಿನ ಕೋಣೆಯಲ್ಲಿ ಆಡಿದ ಮಾತು ಬೇರೆಯೇ ಇತ್ತು. ಸೈನ್ಯವನ್ನೂ ಆಡಳಿತವನ್ನೂ ಎರಡನ್ನೂ ದ್ವೀಪದಿಂದ ಹಿಂತೆಗೆದರೆ ತಾನು ಒಂದು ವಾರವೂ ಉಳಿಯುವುದಿಲ್ಲವೆಂದು ಗಾಲ್ತಿಯೇರಿ ಹೇಳಿದ್ದಾಗಿ ಹೇಗ್ ರೇಗನ್‌ಗೆ ವರದಿ ಕಳಿಸಿದರು.

ಈ ಯುದ್ಧದ ತಿರುಳು ಆ ಒಂದು ಮಾತಿನಲ್ಲಿದೆ. ಕುರ್ಚಿಯ ಭಯ ಯುದ್ಧವನ್ನು ಶುರು ಮಾಡಿಸಿತೇ ಎಂಬುದರ ಬಗ್ಗೆ ಚರ್ಚೆ ಮಾಡಬಹುದು. ನಿಲ್ಲಿಸಲು ಬಿಡಲಿಲ್ಲ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಹೇಗ್‌ಗೆ ಇನ್ನೊಂದು ತೊಡಕೂ ಎದುರಾಯಿತು. ಅಧ್ಯಕ್ಷ ಒಪ್ಪಿದ್ದನ್ನು ಅಡ್ಮಿರಲ್ ಒಪ್ಪುತ್ತಿರಲಿಲ್ಲ, ಅಡ್ಮಿರಲ್ ಸುಮ್ಮನಾದರೆ ಸೇನಾ ತುಕಡಿಗಳ ದಂಡನಾಯಕರು ಬೇಡ ಎನ್ನುತ್ತಿದ್ದರು. ಜನ ಆರಿಸದ ನಾಯಕನಿಗೆ ತನ್ನ ಪಕ್ಕದಲ್ಲಿ ಕುಳಿತವರೇ ಮತದಾರರು. ಅವರಲ್ಲಿ ಮೊದಲು ರಾಜಿಯ ಮಾತೆತ್ತಿದವನು ದ್ರೋಹಿ ಅನ್ನಿಸಿಕೊಳ್ಳುತ್ತಾನೆ. ಮೇ ಮಧ್ಯದಲ್ಲಿ ವಿಶ್ವಸಂಸ್ಥೆಯ ಮೂಲಕ ಬ್ರಿಟನ್ ಕೊನೆಯ ಪ್ರಸ್ತಾಪ ಮುಂದಿಟ್ಟಿತು: ಎರಡೂ ಪಡೆಗಳು ಹಿಂದೆ ಸರಿಯಲಿ, ವಿಶ್ವಸಂಸ್ಥೆಯ ಆಡಳಿತಾಧಿಕಾರಿ ಬರಲಿ, ಮಾತುಕತೆ ನಡೆಯಲಿ. ಏಪ್ರಿಲ್‌ಗೆ ಮೊದಲು ಇಂಥದ್ದು ಸಿಕ್ಕಿದ್ದರೆ ಬ್ಯೂನಸ್ ಐರಿಸ್ ಅದನ್ನು ಗೆಲುವೆಂದೇ ಆಚರಿಸುತ್ತಿತ್ತು. ಮೇ ತಿಂಗಳಲ್ಲಿ ಸೇನಾಮಂಡಳಿಗೆ ಅದನ್ನು ಒಪ್ಪುವ ಧೈರ್ಯ ಬರಲಿಲ್ಲ.

ಅತ್ತ ಲಂಡನ್ನಿನಲ್ಲೂ ಒಂದು ಕುರ್ಚಿ ಅಲುಗುತ್ತಿತ್ತು. ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1982ಕ್ಕೆ ಕಾಲಿಟ್ಟಾಗ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ಮುಟ್ಟಿತ್ತು. ಹಿಂದಿನ ವರ್ಷ ಬ್ರಿಕ್ಸ್‌ಟನ್, ಲಿವರ್‌ಪೂಲ್‌ಗಳಲ್ಲಿ ಗಲಭೆಯಾಗಿತ್ತು. ಜನಮತ ಸಮೀಕ್ಷೆಗಳಲ್ಲಿ ಆಕೆ ತಳ ಕಂಡಿದ್ದರು. ದಕ್ಷಿಣ ಅಟ್ಲಾಂಟಿಕ್‌ನಲ್ಲಿದ್ದ ಏಕೈಕ ಗಸ್ತು ಹಡಗು ಎಂಡ್ಯೂರೆನ್ಸ್ ಅನ್ನು ಖರ್ಚು ಉಳಿಸಲು ಹಿಂದಕ್ಕೆ ಕರೆಸಲು ತೀರ್ಮಾನಿಸಿದ್ದೂ ಅವರದೇ ಸರ್ಕಾರ. ದ್ವೀಪ ಕೈತಪ್ಪಿದ ಮರುದಿನ, ಶನಿವಾರ, ಸಂಸತ್ತು ತುರ್ತಾಗಿ ಸೇರಿತು. ಶನಿವಾರ ಸದನ ಸೇರಿದ್ದು 1956ರ ಸೂಯೆಜ್ ಬಿಕ್ಕಟ್ಟಿನ ನಂತರ ಅದೇ ಮೊದಲು. ಸ್ವಂತ ಪಕ್ಷದವರೇ ಸಿಡಿದೆದ್ದರು. ಸೋಮವಾರದ ಹೊತ್ತಿಗೆ ವಿದೇಶಾಂಗ ಸಚಿವ ಲಾರ್ಡ್ ಕ್ಯಾರಿಂಗ್ಟನ್ ರಾಜೀನಾಮೆ ಕೊಟ್ಟರು. ನೌಕಾಪಡೆಯನ್ನು ದ್ವೀಪದತ್ತ ಕಳಿಸದೆ ಇದ್ದಿದ್ದರೆ ಮುಂದಿನ ಸರದಿ ಪ್ರಧಾನಿಯದೇ ಆಗುತ್ತಿತ್ತು.

ಹಾಗಾದರೆ ಇಬ್ಬರೂ ಒಂದೇ ಅಲ್ಲವೇ? ಅಲ್ಲ, ಮತ್ತು ಈ ವ್ಯತ್ಯಾಸ ದೊಡ್ಡದು. ಸೋತಿದ್ದರೆ ಥ್ಯಾಚರ್ ಮನೆಗೆ ಹೋಗುತ್ತಿದ್ದರು, ಆತ್ಮಕಥೆ ಬರೆಯುತ್ತಿದ್ದರು. ಗಾಲ್ತಿಯೇರಿಯ ಬೆನ್ನ ಹಿಂದೆ ಕಾಣೆಯಾದವರ ಪಟ್ಟಿ ಇತ್ತು. ಸೇನಾಡಳಿತದ ಕಾಲದಲ್ಲಿ ಮನೆಯಿಂದ, ಕಾಲೇಜಿನಿಂದ, ಕಾರ್ಖಾನೆಯಿಂದ ಎತ್ತಿಕೊಂಡು ಹೋದ ಸಾವಿರಾರು ಜನ ಮರಳಿ ಬರಲೇ ಇಲ್ಲ. ಮುಂದೆ ತನಿಖಾ ಆಯೋಗ 8,961 ಪ್ರಕರಣಗಳನ್ನು ಪಟ್ಟಿ ಮಾಡಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. ಅಧಿಕಾರ ಹೋದ ದಿನ ಈ ಲೆಕ್ಕ ಕೇಳುವವರು ಬಾಗಿಲಿಗೆ ಬರುತ್ತಾರೆಂದು ಪ್ರತಿ ಜನರಲ್‌ಗೂ ಗೊತ್ತಿತ್ತು.

ರಾಜಕೀಯ ವಿಜ್ಞಾನಿ ಹೈನ್ ಗೂಮನ್ಸ್ ಮೊದಲ ಮಹಾಯುದ್ಧದ ದೇಶಗಳನ್ನು ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಗಂಟನ್ನು ಬಿಡಿಸಲು ನೋಡಿದ್ದಾರೆ. ಅವರ ವಾದದ ಸಾರ ಇಷ್ಟು: ಸ್ವಲ್ಪ ಸೋತರೂ ತಲೆದಂಡ, ಪೂರ್ತಿ ಸೋತರೂ ತಲೆದಂಡ ಎಂಬ ಸ್ಥಿತಿಯಲ್ಲಿರುವ ನಾಯಕನಿಗೆ ಮರ್ಯಾದೆಯ ರಾಜಿ ಬೇಕಾಗಿಲ್ಲ. ಗೆಲ್ಲುವ ಸಾಧ್ಯತೆ ಎಷ್ಟೇ ಸಣ್ಣದಾಗಿದ್ದರೂ ಆತ ಅದಕ್ಕಾಗಿ ಯುದ್ಧ ಮುಂದುವರಿಸುತ್ತಾನೆ. ಪಣಕ್ಕಿಡುವುದು ಬೇರೆಯವರ ಮಕ್ಕಳನ್ನು.

ಆ ಮಕ್ಕಳು ಯಾರೆಂದು ನೋಡಬೇಕು. ದ್ವೀಪಕ್ಕೆ ಹೋದ ಸೈನಿಕರಲ್ಲಿ ಬಹಳ ಮಂದಿ ಕಡ್ಡಾಯ ಸೇವೆಗೆ ಬಂದ 18–20ರ ಹುಡುಗರು. ಕೆಲವರ ತರಬೇತಿ ಎರಡು ತಿಂಗಳೂ ತುಂಬಿರಲಿಲ್ಲ. ಚಿಲಿಯೊಂದಿಗಿನ ಗಡಿ ತಂಟೆಯ ಕಾರಣಕ್ಕೆ ಚಳಿಯಲ್ಲಿ ಕಾದಾಡಲು ಪಳಗಿದ ಪರ್ವತ ಪಡೆಗಳನ್ನು ಅಲ್ಲೇ ಇರಿಸಿ, ಕೊರಿಯೆಂತೆಸ್‌ನಂಥ ಬಿಸಿಲ ಪ್ರಾಂತದ ಹುಡುಗರನ್ನು ಚಳಿಗಾಲ ಶುರುವಾಗುವ ಹೊತ್ತಿಗೆ ಆ ಒದ್ದೆ ನೆಲಕ್ಕೆ ಕಳಿಸಿದರು. ಅಗೆದ ಗುಂಡಿಗಳಲ್ಲಿ ನೀರು ಜಿನುಗುತ್ತಿತ್ತು, ಬೂಟಿನೊಳಗೆ ಕಾಲು ಕೊಳೆಯುತ್ತಿತ್ತು, ಊಟ ತಲುಪುತ್ತಿರಲಿಲ್ಲ. ಇತ್ತ ಊರಿನಲ್ಲಿ ಶಾಲಾಮಕ್ಕಳು ಚಾಕೊಲೇಟ್‌ ಜೊತೆ ಚೀಟಿ ಬರೆದಿಟ್ಟು ಯೋಧರಿಗೆ ಕಳಿಸುತ್ತಿದ್ದರು. ಅಂಥದ್ದೊಂದು ಚಾಕೊಲೇಟ್ ದಕ್ಷಿಣದ ಕೊಮೊದೊರೊ ರಿವದಾವಿಯಾ ಪಟ್ಟಣದ ಅಂಗಡಿಯಲ್ಲಿ ಮಾರಾಟವಾಗಿ, ಕೊಂಡವರ ಕೈಗೆ ಮಗುವಿನ ಚೀಟಿ ಸಿಕ್ಕ ಸುದ್ದಿ ಆಗ ದೇಶವನ್ನೇ ನೋಯಿಸಿತ್ತು. ಮೇ 8 ಮತ್ತು 9ರಂದು ಸರ್ಕಾರಿ ಟಿವಿಯಲ್ಲಿ ಇಪ್ಪತ್ನಾಲ್ಕು ಗಂಟೆ ನಡೆದ ನಿಧಿಸಂಗ್ರಹದಲ್ಲಿ ಹೆಂಗಸರು ಮದುವೆಯ ಉಂಗುರ ಬಿಚ್ಚಿಕೊಟ್ಟರು. ಆ ಒಡವೆ, ಆ ಹಣ ಎಲ್ಲಿ ಹೋಯಿತೆಂದು ಅರ್ಜೆಂಟೀನಾದಲ್ಲಿ ಈಗಲೂ ಕೇಳುವವರಿದ್ದಾರೆ.

ಸತ್ಯ ಗೊತ್ತಾಗದಂತೆ ನೋಡಿಕೊಳ್ಳುವುದೂ ಕುರ್ಚಿ ಕಾಯುವ ಕೆಲಸದ ಭಾಗವಾಗಿತ್ತು. ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿ ‘ಜನರಲ್ ಬೆಲ್ಗ್ರಾನೊ’ ಯುದ್ಧನೌಕೆಯನ್ನು ಮುಳುಗಿಸಿ 323 ಜನ ಸತ್ತರು. ಅದೇ ತಿಂಗಳು ಜನಪ್ರಿಯ ವಾರಪತ್ರಿಕೆಯೊಂದು ‘ಗೆಲ್ಲುತ್ತಿದ್ದೇವೆ’ ಎಂದು ಮುಖಪುಟದಲ್ಲಿ ಸಾರಿತು. ಜೂನ್ 13ರಂದು ಬಾರ್ಸಿಲೋನಾದಲ್ಲಿ ವಿಶ್ವಕಪ್‌ನ ಉದ್ಘಾಟನಾ ಪಂದ್ಯವಾಡಿ ಬೆಲ್ಜಿಯಂಗೆ ಸೋತ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರರಿಗೆ ಯುದ್ಧದ ನಿಜಸ್ಥಿತಿ ತಿಳಿದದ್ದು ಸ್ಪೇನಿನ ಪತ್ರಿಕೆಗಳಿಂದ. ಮರುದಿನ ದ್ವೀಪದಲ್ಲಿದ್ದ ಪಡೆ ಶರಣಾಯಿತು. ಒಟ್ಟು 649 ಅರ್ಜೆಂಟೀನೀಯರು, 255 ಬ್ರಿಟಿಷರು ಸತ್ತಿದ್ದರು. ದ್ವೀಪದ ನಿವಾಸಿಗಳಲ್ಲಿ ಸತ್ತ ಮೂವರೂ ಹೆಂಗಸರು, ಅದೂ ಅವರನ್ನು ಬಿಡಿಸಲು ಬಂದ ಬ್ರಿಟಿಷ್ ಹಡಗುಗಳ ಗುಂಡಿಗೆ.

ಜೂನ್ 15ರ ಸಂಜೆ ಚೌಕ ಮೂರನೆಯ ಸಲ ತುಂಬಿತು. ಹುಡುಗರು ಸತ್ತರು, ದಳಪತಿಗಳು ಅವರನ್ನು ಮಾರಿಬಿಟ್ಟರು ಎಂದು ಜನ ಕೂಗುತ್ತಿದ್ದರು. ಮತ್ತೆ ಅಶ್ರುವಾಯು, ಮತ್ತೆ ಲಾಠಿ. ಎರಡು ದಿನಗಳಲ್ಲಿ ಗಾಲ್ತಿಯೇರಿಯ ಜೊತೆಗಾರರೇ ಅವನನ್ನು ಕೆಳಗಿಳಿಸಿದರು.

ಯುದ್ಧದ ಮೊದಲ ದಿನಗಳಲ್ಲಿ ಜನ ನಾಯಕನ ಬೆನ್ನಿಗೆ ನಿಲ್ಲುವುದು ಅರ್ಜೆಂಟೀನಾದ ಗುಣವೇನಲ್ಲ. ಅಮೆರಿಕದ ಅಧ್ಯಕ್ಷರ ಜನಪ್ರಿಯತೆಯ ಏರಿಳಿತ ಅಳೆದ ಜಾನ್ ಮ್ಯೂಲರ್ 1970ರಲ್ಲೇ ಇದನ್ನು ತೋರಿಸಿದ್ದರು. ಬಾವುಟದ ಸುತ್ತ ಸೇರಿದ ಜನ ಹೆಚ್ಚು ಕಾಲ ಅಲ್ಲಿ ನಿಲ್ಲುವುದಿಲ್ಲ ಎಂಬುದೂ ಅವರ ಲೆಕ್ಕದಲ್ಲಿದೆ. ಥ್ಯಾಚರ್ ವಿಷಯಕ್ಕೇ ಬಂದರೆ, 1983ರ ಜೂನ್ ಚುನಾವಣೆಯಲ್ಲಿ ಅವರು 144 ಸ್ಥಾನಗಳ ಬಹುಮತ ಗಳಿಸಿದ್ದು ಈ ಯುದ್ಧದಿಂದಲೇ ಎಂಬುದು ಜನಜನಿತ. ಅದನ್ನು ಅಳೆದು ನೋಡಿದ ಡೇವಿಡ್ ಸ್ಯಾಂಡರ್ಸ್ ಮತ್ತು ಸಂಗಡಿಗರು, ಆರ್ಥಿಕತೆ ಆಗಲೇ ಚೇತರಿಸಿಕೊಳ್ಳುತ್ತಿತ್ತು, ಯುದ್ಧದ ಪಾಲು ಜನ ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಎಂದು 1987ರಲ್ಲಿ ಬರೆದರು. ಅಂಕಿಗಳು ಏನೇ ಹೇಳಲಿ, ಮುಂದಿನ ನಾಯಕರು ನೆನಪಿಟ್ಟುಕೊಂಡದ್ದು ಜನಜನಿತ ಕಥೆಯನ್ನೇ. ಅದೇ ಆತಂಕದ ಸಂಗತಿ.

ಬ್ರಿಟನ್ನಿನಲ್ಲಿ ವಿರೋಧ ಇರಲಿಲ್ಲವೆಂದಲ್ಲ. ಮೇ 20ರಂದು ಸಂಸತ್ತಿನಲ್ಲಿ 33 ಸದಸ್ಯರು ಸರ್ಕಾರದ ವಿರುದ್ಧ ಮತ ಹಾಕಿದರು. ಹಾಗೆ ಹಾಕಿದ ಟ್ಯಾಮ್ ಡೇಲ್ಯೆಲ್‌ರನ್ನು ಲೇಬರ್ ಪಕ್ಷ ತನ್ನ ಮುಂದಿನ ಸಾಲಿನಿಂದ ಕಿತ್ತುಹಾಕಿತು. ಅವರು ವರ್ಷಗಟ್ಟಲೆ ಬೆಲ್ಗ್ರಾನೊ ಪ್ರಶ್ನೆ ಕೇಳುತ್ತಲೇ ಹೋದರು: ಬ್ರಿಟನ್ ಘೋಷಿಸಿದ್ದ ನಿಷೇಧಿತ ವಲಯದ ಹೊರಗಿದ್ದ ಹಡಗನ್ನು ಮುಳುಗಿಸಿದ್ದೇಕೆ? 1983ರ ಮೇ 24ರಂದು ಬಿಬಿಸಿಯ ನೇರಪ್ರಸಾರದಲ್ಲಿ ಒಬ್ಬ ಶಿಕ್ಷಕಿ ಅದೇ ಪ್ರಶ್ನೆಯನ್ನು ಪ್ರಧಾನಿಗೆ ಬಿಡದೆ ಕೇಳಿದರು. ಚುನಾವಣೆಗೆ ಎರಡು ವಾರ ಬಾಕಿಯಿದ್ದ ಪ್ರಧಾನಿ ಉತ್ತರಕ್ಕೆ ತಡವರಿಸಿದ್ದನ್ನು ದೇಶ ನೋಡಿತು. ಆ ಶಿಕ್ಷಕಿಯನ್ನು ಯಾರೂ ಮನೆಯಿಂದ ಎತ್ತಿಕೊಂಡು ಹೋಗಲಿಲ್ಲ.

ಅರ್ಜೆಂಟೀನಾದಲ್ಲಿ ಅದೇ ಧೈರ್ಯದ ಬೆಲೆ ಏನಿತ್ತೆಂಬುದು ಪ್ಲಾಜಾ ದೆ ಮಾಯೊ ತಾಯಂದಿರಿಗೆ ಗೊತ್ತಿತ್ತು. 1977ರ ಏಪ್ರಿಲ್ 30ರಂದು ಹದಿನಾಲ್ಕು ಹೆಂಗಸರು, ಕಾಣೆಯಾದ ಮಕ್ಕಳನ್ನು ಕೇಳಿಕೊಂಡು ಮೊದಲ ಸಲ ಆ ಚೌಕಕ್ಕೆ ಬಂದರು. ಗುಂಪು ಕಟ್ಟಿ ನಿಲ್ಲಬಾರದೆಂದು ಪೊಲೀಸರು ಗದರಿಸಿದ್ದಕ್ಕೆ ಇಬ್ಬಿಬ್ಬರಾಗಿ ತೋಳು ಹಿಡಿದು ಸುತ್ತು ಹಾಕತೊಡಗಿದರು. ತಲೆಗೆ ಕಟ್ಟಿದ ಬಿಳಿ ವಸ್ತ್ರ ಅವರ ಗುರುತಾಯಿತು, ಗುರುವಾರ ಅವರ ದಿನವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಮುಂದಾಳು ಅಸುಸೆನಾ ವಿಯಾಫ್ಲೋರ್ ಸೇರಿ ಮೂವರು ತಾಯಂದಿರನ್ನೇ ಅಪಹರಿಸಿ ಕೊಂದರು. ಅವರ ಗುಂಪಿನೊಳಗೆ ಕಾಣೆಯಾದವನೊಬ್ಬನ ತಮ್ಮನೆಂದು ಸುಳ್ಳು ಹೇಳಿ ಸೇರಿಕೊಂಡಿದ್ದವನು ಅಲ್ಫ್ರೆದೊ ಆಸ್ತಿಸ್ ಎಂಬ ಯುವ ನೌಕಾಧಿಕಾರಿ. 1982ರ ಏಪ್ರಿಲ್ ಕೊನೆಯಲ್ಲಿ ಸೌತ್ ಜಾರ್ಜಿಯಾದಲ್ಲಿ ಬ್ರಿಟಿಷರಿಗೆ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದವನೂ ಅವನೇ. ಸಹಿ ಹಾಕುತ್ತಿರುವ ಗಡ್ಡದ ಯುವಕನ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾದಾಗ, ನಿರಾಯುಧ ಹೆಂಗಸರನ್ನು ಹಿಡಿದುಕೊಟ್ಟವನೇ ಇವನೆಂದು ಜಗತ್ತಿಗೆ ಗೊತ್ತಾಯಿತು.

ದೇಶವೆಲ್ಲ ಬಾವುಟ ಬೀಸುತ್ತಿದ್ದಾಗ ತಾಯಂದಿರು ಗುರುವಾರ ತಪ್ಪಿಸಲಿಲ್ಲ. ದೇಶದ್ರೋಹಿಗಳೆಂಬ ಬೈಗುಳ ಕೇಳಿದರು. ಅವರ ಫಲಕದಲ್ಲಿದ್ದ ಮಾತು ಹೀಗಿತ್ತು: ಮಾಲ್ವಿನಾಸ್ ಅರ್ಜೆಂಟೀನಾದ್ದು, ಕಾಣೆಯಾದವರೂ ಅರ್ಜೆಂಟೀನಾದವರೇ. ಯುದ್ಧಕಾಲದ ಪ್ರತಿಭಟನೆಗಳಲ್ಲಿ ಇಷ್ಟು ಸ್ಪಷ್ಟವಾದ ಮಾತು ಅಪರೂಪ. ದ್ವೀಪದ ಮೇಲಿನ ಪ್ರೀತಿಯನ್ನು ಅವರು ಬಿಟ್ಟುಕೊಡಲಿಲ್ಲ, ಆ ಪ್ರೀತಿಯ ಮರೆಯಲ್ಲಿ ಜನರಲ್‌ಗಳು ಅಡಗಿಕೊಳ್ಳಲೂ ಬಿಡಲಿಲ್ಲ.

ಕುರ್ಚಿಗಾಗಿ ಯುದ್ಧ ಮುಂದುವರಿಯುತ್ತಿದೆಯೇ ಎಂಬ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಕೇಳಿಬಂದದ್ದು ಇಸ್ರೇಲಿನಲ್ಲಿ. ಪ್ರಧಾನಿ ಬೆಂಜಮಿನ್ ನೆತನ್ಯಾಹು ಮೇಲಿನ ಭ್ರಷ್ಟಾಚಾರದ ವಿಚಾರಣೆ 2020ರಲ್ಲಿ ಶುರುವಾಯಿತು. 2023ರಲ್ಲಿ ನ್ಯಾಯಾಂಗದ ಅಧಿಕಾರ ಮೊಟಕುಗೊಳಿಸುವ ಯತ್ನದ ವಿರುದ್ಧ ಪ್ರತಿ ಶನಿವಾರ ಲಕ್ಷಗಟ್ಟಲೆ ಜನ ಬೀದಿಗಿಳಿದರು. ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತು, 251 ಜನ ಒತ್ತೆಯಾಳಾದ ಮೇಲೆ ಆ ಬೀದಿಗಳು ಒಮ್ಮೆಲೇ ಬರಿದಾದವು. ಕೆಲವು ತಿಂಗಳಲ್ಲಿ ಒತ್ತೆಯಾಳುಗಳ ಮನೆಯವರು ಮತ್ತೆ ಅವನ್ನು ತುಂಬಿದರು. ಗಾಜಾದಲ್ಲಿ ಹತ್ತಾರು ಸಾವಿರ ಜನ ಸಾಯುತ್ತಿದ್ದರೂ ಕದನವಿರಾಮ ಮುಂದಕ್ಕೆ ಹೋದದ್ದು ಪ್ರಧಾನಿಯ ಕುರ್ಚಿಗಾಗಿ ಎಂಬುದು ಟೀಕಾಕಾರರ ಆರೋಪವಾಗಿತ್ತು. ನೆತನ್ಯಾಹು ಅದನ್ನು ಅಲ್ಲಗಳೆದರು, ಹಮಾಸ್ ಸೋಲುವವರೆಗೆ ಬೇರೆ ದಾರಿಯಿಲ್ಲ ಎಂದರು. ಒಬ್ಬರ ಮನಸ್ಸಿನೊಳಗಿನ ಉದ್ದೇಶವನ್ನು ಹೊರಗಿನವರು ಸಾಬೀತು ಮಾಡಲಾಗದು. ಕಣ್ಣಿಗೆ ಕಾಣುವ ಘಟನೆಗಳ ಸರಣಿಯನ್ನು ಮಾತ್ರ ಮುಂದಿಡಬಹುದು: 2025ರ ಜನವರಿ 19ರಂದು ಕದನವಿರಾಮ ಜಾರಿಯಾದ ದಿನವೇ ತೀವ್ರ ಬಲಪಂಥೀಯ ನಾಯಕ ಬೆನ್‌ಗ್ವಿರ್ ಅವರ ಮಿತ್ರಪಕ್ಷ ಸರ್ಕಾರದಿಂದ ಹೊರನಡೆಯಿತು. ಮಾರ್ಚ್ 18ರಂದು ಗಾಜಾ ಮೇಲೆ ಬಾಂಬ್ ದಾಳಿ ಮತ್ತೆ ಶುರುವಾದ ಕೂಡಲೇ ಅದು ಮರಳಿತು. ಒಂದೇ ವಾರದಲ್ಲಿ ಬಜೆಟ್ ಪಾಸಾಯಿತು. ಮಾರ್ಚ್ ಮುಗಿಯುವುದರೊಳಗೆ ಅದು ಪಾಸಾಗದಿದ್ದರೆ ಅಲ್ಲಿನ ಕಾನೂನಿನಂತೆ ಸರ್ಕಾರ ಬಿದ್ದು ಚುನಾವಣೆ ಬರುತ್ತಿತ್ತು.

ಅರ್ಜೆಂಟೀನಾದಲ್ಲಿ ಲೆಕ್ಕ ಕೇಳುವ ದಿನ ನಿಜಕ್ಕೂ ಬಂತು. 1983ರ ಅಕ್ಟೋಬರ್ 30ರ ಚುನಾವಣೆಯಲ್ಲಿ ರೌಲ್ ಆಲ್ಫೊನ್ಸಿನ್ ಗೆದ್ದರು. 1985ರಲ್ಲಿ ಸೇನಾಮಂಡಳಿಯ ನಾಯಕರು ನಾಗರಿಕ ನ್ಯಾಯಾಲಯದ ಕಟಕಟೆಯಲ್ಲಿ ನಿಂತರು. ಕಾಣೆಯಾದವರ ಆ ಮೊಕದ್ದಮೆಯಲ್ಲಿ ಗಾಲ್ತಿಯೇರಿ ಬಿಡುಗಡೆಯಾದ. ಯುದ್ಧವನ್ನು ಹಾಳುಗೆಡವಿದ್ದಕ್ಕೆ ಮಾತ್ರ ಸೈನಿಕ ನ್ಯಾಯಾಲಯ ಮರುವರ್ಷ ಹನ್ನೆರಡು ವರ್ಷದ ಶಿಕ್ಷೆ ಕೊಟ್ಟಿತು. 1989ರಲ್ಲಿ ಅಧ್ಯಕ್ಷ ಮೆನೆಮ್ ಕ್ಷಮೆ ನೀಡಿದರು. 2002ರಲ್ಲಿ ಕಾಣೆಯಾದವರ ಬೇರೊಂದು ಪ್ರಕರಣದಲ್ಲಿ ಮತ್ತೆ ಬಂಧನವಾಗಿ, 2003ರ ಜನವರಿಯಲ್ಲಿ ಗೃಹಬಂಧನದಲ್ಲಿದ್ದಾಗಲೇ ಸತ್ತ. ಆಸ್ತಿಸ್‌ಗೆ 2011ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ದ್ವೀಪದ ಡಾರ್ವಿನ್ ಸ್ಮಶಾನದಲ್ಲಿ ಅರ್ಜೆಂಟೀನಾದವರ 237 ಗೋರಿಗಳಿವೆ. ಅವುಗಳಲ್ಲಿ 121ರ ಮೇಲೆ ಮೂವತ್ತೈದು ವರ್ಷ ಹೆಸರಿರಲಿಲ್ಲ. 2017ರಲ್ಲಿ ರೆಡ್‌ಕ್ರಾಸ್ ಗೋರಿಗಳನ್ನು ತೆರೆಸಿ ಡಿಎನ್‌ಎ ಮಾದರಿ ತೆಗೆಸಿತು. ಅವನ್ನು ಪರೀಕ್ಷಿಸಿದ್ದು ಕೊರ್ದೊಬಾದ ಪ್ರಯೋಗಾಲಯ. ಅದು 1984ರಲ್ಲಿ, ಕಾಣೆಯಾದವರ ಮೂಳೆಗಳನ್ನು ಗುರುತಿಸಲೆಂದೇ ಹುಟ್ಟಿದ ವಿಧಿವಿಜ್ಞಾನ ತಂಡದ್ದು. ಅಸುಸೆನಾ ವಿಯಾಫ್ಲೋರ್ ಅವರ ಅವಶೇಷವನ್ನು 2005ರಲ್ಲಿ ಗುರುತಿಸಿದ್ದೂ ಅದೇ ತಂಡ. ನೂರಕ್ಕೂ ಹೆಚ್ಚು ಸೈನಿಕರಿಗೆ ಈಗ ಹೆಸರು ಮರಳಿದೆ. ಬದುಕಿ ಬಂದವರ ಹೋರಾಟ ಬೇರೆ. ಹಸಿವು ತಾಳದೆ ಕುರಿ ಹಿಡಿದು ತಿಂದದ್ದಕ್ಕೆ ತಮ್ಮ ಅಧಿಕಾರಿಗಳೇ ಕೈಕಾಲುಗಳನ್ನು ಗೂಟಕ್ಕೆ ಕಟ್ಟಿ ಹೆಪ್ಪುಗಟ್ಟಿದ ನೆಲದ ಮೇಲೆ ಮಲಗಿಸಿದ್ದರೆಂದು ಮಾಜಿ ಸೈನಿಕರು 2007ರಲ್ಲಿ ದೂರು ಕೊಟ್ಟರು. ಕಾಣೆಯಾದವರಿಗೆ ಹಿಂಸೆ ಕೊಟ್ಟ ಆಡಳಿತವೇ ತಮಗೂ ಕೊಟ್ಟಿತು, ಹಾಗಾಗಿ ಇದಕ್ಕೂ ಕಾಲಮಿತಿ ಇರಬಾರದು ಎಂಬುದು ಅವರ ವಾದ. ಆ ಮೊಕದ್ದಮೆ ಒಂದು ನ್ಯಾಯಾಲಯದಿಂದ ಇನ್ನೊಂದಕ್ಕೆ ವರ್ಷಗಟ್ಟಲೆ ಅಲೆದಿದೆ.